ಅಕ್ಯುಪಂಕ್ಚರ್ ಬಿಂದು ಹುಡುಕಲು ಸ್ಕೇಲ್ ಬೇಡ

ಅಕ್ಯುಪಂಕ್ಚರ್ ಪಟದಲ್ಲಿ ‘ಮಣಿಕಟ್ಟಿನಿಂದ 2 ತ್ಸುನ್ ಮೇಲೆ’ ಎಂದಿದ್ದರೆ ಆ ಚೀನೀ ಅಳತೆಯನ್ನು ಸೆಂಟಿಮೀಟರಿಗೆ ಇಳಿಸಲು ಹೋಗಬೇಡಿ. ಯಾರ ಮೈಮೇಲೆ ಬಿಂದು ಹುಡುಕುತ್ತೀರೋ ಅವರ ಮೈಯೇ ಅಳತೆಗೋಲು. ಮೊಣಕೈ ಗೆರೆಯಿಂದ ಮಣಿಕಟ್ಟಿನ ಗೆರೆಯವರೆಗೆ ಎಲ್ಲರಿಗೂ 12 ತ್ಸುನ್. ಮುಂಗೈ 24 ಸೆಂ.ಮೀ. ಇದ್ದವರಿಗೆ 2 ತ್ಸುನ್ ಅಂದರೆ 4 ಸೆಂ.ಮೀ.; 15 ಸೆಂ.ಮೀ. ಇರುವ ಮಗುವಿಗೆ ಎರಡೂವರೆಯಷ್ಟೇ.

ಮೊದಲು ಮುಂಗೈ ಒಳಬದಿಯ ನೇಗ್ವಾನ್ ಎಂಬ ಬಿಂದು ಹುಡುಕೋಣ. ಅಂಗೈ ಮೇಲಾಗಿಸಿ ಕೈ ಚಾಚಿಸಿ. ಮಣಿಕಟ್ಟಿನಲ್ಲಿ ಎರಡು ಮೂರು ಗೆರೆ ಕಾಣುತ್ತವೆ, ಹೆಚ್ಚಿನವರು ಎಡವುವುದು ಇಲ್ಲೇ. ಕಿರುಬೆರಳ ಕಡೆ ಕೈಬುಡದಲ್ಲಿ ಬಟಾಣಿ ಗಾತ್ರದ ಮೂಳೆಯಿದೆ. ಅದರ ಮೊಣಕೈ ಕಡೆಯ ಅಂಚಿಗೆ ಹೊಂದುವ ಗೆರೆ ಹಿಡಿಯಿರಿ. ಸಮ ಅಂತರದಲ್ಲಿ 12 ಭಾಗ ಗುರುತು ಹಾಕಿದ ಎಲಾಸ್ಟಿಕ್ ಪಟ್ಟಿಯನ್ನು ಈ ಗೆರೆ ಮತ್ತು ಮೊಣಕೈ ಗೆರೆಗಳ ನಡುವೆ ಎಳೆದು, ಮಣಿಕಟ್ಟಿನಿಂದ ಎರಡನೇ ಗುರುತಿಗೆ ಬನ್ನಿ. ಮುಷ್ಟಿ ಬಿಗಿದು ಮಣಿಕಟ್ಟು ತುಸು ಬಗ್ಗಿಸಿದರೆ ಎರಡು ಸ್ನಾಯುರಜ್ಜು ಎದ್ದು ಕಾಣುತ್ತವೆ. ಬಿಂದು ಅವುಗಳ ನಡುವೆ. ಕೆಲವರಿಗೆ ಹುಟ್ಟಿನಿಂದಲೇ ಒಂದು ರಜ್ಜು ಇರುವುದಿಲ್ಲ. ಆಗ ಉಳಿದ ರಜ್ಜುವಿನ ಕಿರುಬೆರಳ ಕಡೆಗೆ ಒತ್ತಿ ನೋಡಿ.

ಕಾಲಿನ ಬಿಂದು ತ್ಸುಸಾನ್‌ಲಿಗೆ ಬೆರಳಳತೆ ಸಾಕು. ಮೊಣಕಾಲು ಮಡಿಸಿದಾಗ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಬೀಳುವ ಕುಳಿಯಿಂದ ನಾಲ್ಕು ಬೆರಳಗಲ ಕೆಳಗೆ, ಅಂದರೆ 3 ತ್ಸುನ್. ಆ ಮಟ್ಟದಲ್ಲಿ ಕಣಕಾಲಿನ ಎಲುಬಿನ ಮುಂದಿನ ಏಣಿನಿಂದ ಒಂದು ಬೆರಳು ಹೊರಕ್ಕೆ. ಪಾದ ಮೇಲೆತ್ತಿಸಿದರೆ ಉಬ್ಬುವ ಸ್ನಾಯುವಿನ ಮೇಲೆ ಬೆರಳಿರಬೇಕು. ಬೆರಳು ಬಿಡಿಸಿ ಅಳೆದರೆ, ಅಥವಾ ರೋಗಿಯದ್ದು ಬಿಟ್ಟು ನಿಮ್ಮದೇ ಬೆರಳಿಟ್ಟರೆ ಲೆಕ್ಕ ತಪ್ಪುತ್ತದೆ. ಇದೆಲ್ಲ ಗುರುತಿಸಲು, ಒತ್ತಿ ನೋಡಲು ಮಾತ್ರ. ಸೂಜಿ ತರಬೇತಾದವರ ಕೆಲಸ.

ಹೆಸರುಗಳಲ್ಲಿ ಚೀನಾದ ಬೆಟ್ಟ, ಕಣಿವೆ, ಕೋಟೆಬಾಗಿಲುಗಳೇ ತುಂಬಿವೆ. ನೇಗ್ವಾನ್ ಎಂದರೆ ಒಳಬಾಗಿಲು. ಮುಂಗೈ ಹಿಂಬದಿಯಲ್ಲಿ ಅದರ ಜೋಡಿ ವಾಯ್‌ಗ್ವಾನ್, ಹೊರಬಾಗಿಲು. ಮೂಗಿನ ಪಕ್ಕದ ಯಿಂಗ್‌ಶ್ಯಾಂಗ್ ಪರಿಮಳವನ್ನು ಸ್ವಾಗತಿಸುತ್ತದಂತೆ! ಕೊರಿಯಾ, ಜಪಾನಿನಲ್ಲಿ ಉಚ್ಚಾರ ಬದಲಾಗುವುದರಿಂದ ಸಂಕೇತವೇ ವಾಸಿ: ನೇಗ್ವಾನ್‌ಗೆ ಪಿಸಿ 6, ತ್ಸುಸಾನ್‌ಲಿಗೆ ಎಸ್‌ಟಿ 36. ಅಕ್ಷರ ಬಿಂದುಗಳನ್ನು ಸಾಲಾಗಿ ಜೋಡಿಸುವ ಯಾವ ಮಾರ್ಗವೆಂದು ಹೇಳುತ್ತದೆ, ಅಂಕೆ ಆ ಮಾರ್ಗದಲ್ಲಿ ಎಷ್ಟನೆಯದೆಂದು. ಈ ಮಾರ್ಗಗಳು ಅಂಗರಚನಾಶಾಸ್ತ್ರಕ್ಕೆ ಸಿಕ್ಕಿಲ್ಲ, ಆದರೆ ಗುರುತಿಗೆ ಹಿಡಿಯುವ ಮೂಳೆ, ರಜ್ಜುಗಳು ಸಿಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 361 ಬಿಂದುಗಳ ಪ್ರಮಾಣಿತ ಪಟ್ಟಿ ಪ್ರಕಟಿಸಿತು. ಆರರ ಸ್ಥಾನ ಮಾತ್ರ ಒಮ್ಮತಕ್ಕೆ ಬರಲಿಲ್ಲ. ಅವುಗಳಲ್ಲೊಂದಾದ ಅಂಗೈಯ ಪಿಸಿ 8 ಒಂದು ಪುಸ್ತಕದಲ್ಲಿ ತೋರು ಮತ್ತು ನಡುಬೆರಳ ಅಂಗೈಮೂಳೆಗಳ ನಡುವೆ, ಇನ್ನೊಂದರಲ್ಲಿ ನಡು ಮತ್ತು ಉಂಗುರ ಬೆರಳಿನವುಗಳ ನಡುವೆ ಕಂಡರೆ ಅದು ಮುದ್ರಣದೋಷವಲ್ಲ.