ಸಿಗ್ನಲ್ ಹೋದ ಮೇಲೂ ಕೈಬಿಡದ ಸಾಮಾನುಗಳು

2023ರ ಅಕ್ಟೋಬರ್. ಬಸವೇಶ್ವರನಗರದ ಮನೆಯಿಂದ ತಡವಾಗಿ ಹೊರಟು, ಹಾಸನದಲ್ಲಿ ಊಟ ಮುಗಿಸಿ, ಸಕಲೇಶಪುರ ದಾಟುವಷ್ಟರಲ್ಲಿ ಸಂಜೆ ಆರೂವರೆ. ಪಕ್ಕದ ಸೀಟಿನಲ್ಲಿ ಅಪ್ಪ, ಆಗ ಅವರಿಗೆ 72. ಹಿಂದೆ ಅಮ್ಮ ಮತ್ತು ನನ್ನ ಮಗಳು. ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿವೆ ಎಂದು ನಕ್ಷೆಯ ಆ್ಯಪ್ ಎಡಕ್ಕೆ ಒಂದು ಒಳದಾರಿ ತೋರಿಸಿತು. ನಂಬಿ ತಿರುಗಿಸಿದೆ. ಮೂರು ಕಿಲೋಮೀಟರ್ ಹೋಗುವುದರೊಳಗೆ ಡಾಂಬರು ಮುಗಿದು, ಎರಡೂ ಕಡೆ ಕಾಫಿ ತೋಟ ಒತ್ತಿಕೊಂಡು ಬಂತು. ಒಂದು ಕವಲಿನಲ್ಲಿ ದಾರಿ ತಪ್ಪಿದೆ. ಫೋನಿನಲ್ಲಿ ಟವರ್ ಇರಲಿಲ್ಲ. ನೀಲಿ ಚುಕ್ಕಿ ಚಲಿಸುತ್ತಿತ್ತು, ಆದರೆ ಅದರ ಸುತ್ತ ರಸ್ತೆಯೇ ಇಲ್ಲ, ಬರೀ ಬೂದು ಬಣ್ಣ.

“ಯಾಕೇ, ಸುಮ್ಮನಾಗೋಯ್ತಲ್ಲ ಅದು?” ಅಂದರು ಅಮ್ಮ.

ತೋಟದಿಂದ ಟಾರ್ಚ್ ಹಿಡಿದು ಬರುತ್ತಿದ್ದವರೊಬ್ಬರು ಗಾಜಿನ ಹತ್ತಿರ ಬಗ್ಗಿ, “ವಾಪಸ್ ತಿರುಗಿಸ್ಕೊಳ್ಳಿ ಅಕ್ಕ. ಮುಂದೆ ಎಸ್ಟೇಟ್ ಗೇಟು, ಬೀಗ ಹಾಕಿರ್ತಾರೆ,” ಎಂದರು. ಹೆದ್ದಾರಿಗೆ ಮರಳಿದಾಗ ಎಂಟು ಮುಕ್ಕಾಲು. ಅಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಊಟ ತಡವಾಗಬಾರದು. ಅರ್ಧ ಗಂಟೆಯಲ್ಲಿ ಊಟ ಸಿಗುತ್ತದೆಂದು ಸಕಲೇಶಪುರದಲ್ಲೇ ಚುಚ್ಚಿಕೊಂಡಿದ್ದರು. ಅವರ ಕೈ ನಡುಗುವುದನ್ನು ಅಮ್ಮ ಮೊದಲು ಕಂಡರು. ಚೀಲದಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕುಡಿಸಿದರು, ಮೇಲೆ ಬಾಳೆಹಣ್ಣು ಸುಲಿದು ಕೊಟ್ಟರು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ.

ಆ ರಾತ್ರಿಯಿಂದ ಪ್ರಯಾಣಕ್ಕೆಂದು ಯಾವ ಆ್ಯಪ್ ಹಾಕಿಕೊಂಡರೂ, ಯಾವ ಸಾಮಾನು ಕೊಂಡರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಘಾಟಿಯಲ್ಲಿ ಟವರ್ ಹೋದಾಗ, ಎಂಜಿನ್ ನಿಂತಾಗ ಇದು ಏನು ಮಾಡುತ್ತದೆ? 2025ರ ನವೆಂಬರ್ ಕೊನೆಯಲ್ಲಿ ಬೆಂಗಳೂರು, ಉಡುಪಿ, ಕಾರವಾರ, ಹುಬ್ಬಳ್ಳಿ ಸುತ್ತಿ ಸುಮಾರು 1,200 ಕಿಲೋಮೀಟರ್ ಹೋಗಿಬಂದೆವು. ಆಗ ಅನುಭವಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆಯ ವಿಷಯ. ಫೋನಿನ ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಉಪಗ್ರಹಗಳಿಂದ ಬರುವ ಸಂಕೇತವನ್ನು ನೇರವಾಗಿ ಹಿಡಿದು ನಾವೆಲ್ಲಿದ್ದೇವೆಂದು ಲೆಕ್ಕ ಹಾಕುತ್ತದೆ. ಅದಕ್ಕೇ ಅವತ್ತು ಚುಕ್ಕಿ ಚಲಿಸುತ್ತಿತ್ತು. ಇಂಟರ್ನೆಟ್ ಬೇಕಾಗುವುದು ಚುಕ್ಕಿಯ ಕೆಳಗಿನ ರಸ್ತೆಯ ಚಿತ್ರಕ್ಕೆ, ಹೊಸ ದಾರಿ ಹುಡುಕುವುದಕ್ಕೆ. ಆ ಚಿತ್ರವನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡಿದ್ದರೆ ಕಾಡಿನ ನಡುವೆಯೂ ದಾರಿ ಕಾಣುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲಿನ ಮೂಲೆಯ ನಮ್ಮ ಚಿತ್ರ ಒತ್ತಿದರೆ ಆಫ್‌ಲೈನ್ ನಕ್ಷೆಗಳ ಆಯ್ಕೆ ಸಿಗುತ್ತದೆ. ಅಲ್ಲಿ ಚೌಕ ಎಳೆದು ಬೇಕಾದ ಜಾಗ ಗುರುತಿಸಬೇಕು. ನಾನು ಮೂರು ಚೌಕ ಮಾಡಿಕೊಂಡೆ: ಬೆಂಗಳೂರಿಂದ ಹಾಸನ, ಸಕಲೇಶಪುರದಿಂದ ಉಡುಪಿ, ಕುಂದಾಪುರದಿಂದ ಕಾರವಾರ ಮತ್ತು ಹುಬ್ಬಳ್ಳಿ. ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿಕೊಂಡಿರಲಿ, ಇಲ್ಲದಿದ್ದರೆ ನಡುವೆ ತೂತು ಬೀಳುತ್ತದೆ. ಟವರ್ ಇಲ್ಲದಾಗ ಟ್ರಾಫಿಕ್ ಮಾಹಿತಿ, ಬದಲಿ ದಾರಿಗಳ ಆಯ್ಕೆ ಸಿಗುವುದಿಲ್ಲ.

ಇಳಿಸಿಕೊಂಡರೆ ಸಾಲದು, ಪರೀಕ್ಷೆ ಮಾಡಿ. ಹೊರಡುವ ಹಿಂದಿನ ರಾತ್ರಿ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಗುಂಡ್ಯದಿಂದ ಉಡುಪಿಗೆ ದಾರಿ ಕೇಳಿದೆ. ಅಪ್ಪನ ಫೋನಿನಲ್ಲಿ ಬರಲಿಲ್ಲ, ಜಾಗ ಸಾಲದೆ ಡೌನ್‌ಲೋಡ್ ಅರ್ಧಕ್ಕೇ ನಿಂತಿತ್ತು. ಮನೆಯಲ್ಲಿ ಗೊತ್ತಾದದ್ದಕ್ಕೆ ಸರಿಹೋಯಿತು.

ಎರಡನೆಯ ನಕ್ಷೆಯಾಗಿ ಆರ್ಗ್ಯಾನಿಕ್ ಮ್ಯಾಪ್ಸ್ ಇಟ್ಟುಕೊಂಡಿದ್ದೇನೆ. ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತದೆ, ಪ್ರದೇಶವನ್ನು ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಮ್ಯಾಪಲ್ಸ್ ನಮ್ಮ ದೇಶದ್ದೇ. ಮುಂದಿರುವ ಹಂಪ್, ಕಡಿದಾದ ತಿರುವುಗಳನ್ನು ಮೊದಲೇ ಹೇಳುತ್ತದೆ, ದಾರಿಯ ಟೋಲ್ ಎಷ್ಟಾಗಬಹುದೆಂಬ ಅಂದಾಜೂ ಕೊಡುತ್ತದೆ. ಊರೊಳಗೆ ಬಣ್ಣ ಬಳಿಯದ ಹಂಪ್‌ಗಳಲ್ಲಿ ಅಪ್ಪನ ಸೊಂಟಕ್ಕೆ ಪೆಟ್ಟಾಗುತ್ತಿತ್ತು. ಈ ಸಲ ಬಹುಮಟ್ಟಿಗೆ ತಪ್ಪಿತು. ಇಷ್ಟೆಲ್ಲ ಇದ್ದರೂ ಒಂದು ನಿಯಮ ಮಾಡಿಕೊಂಡಿದ್ದೇನೆ: ಸರ್ಕಾರಿ ಬಸ್ಸು ಹೋಗದ ಒಳದಾರಿಗೆ ಕತ್ತಲಾದ ಮೇಲೆ ಕಾರು ಇಳಿಸುವುದಿಲ್ಲ, ಯಾವ ನಕ್ಷೆ ಹೇಳಿದರೂ ಸರಿ.

2024ರ ಮಳೆಗಾಲದಲ್ಲೇ ಹೋಗಬೇಕೆಂದಿದ್ದೆವು. ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಕುಸಿದು ಜೀವಗಳು ಹೋದವು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಶಿರಾಡಿ ದಾರಿಯ ಮೇಲೂ ಮಣ್ಣು ಜರಿಯಿತು. ನಾವು ಹೋಗಬೇಕಿದ್ದ ದಾರಿಯ ಎರಡೂ ತುದಿ. ಗುಡ್ಡದ ಮಣ್ಣು ಎಷ್ಟು ನೆನೆದಿದೆಯೆಂದು ಯಾವ ನಕ್ಷೆಯೂ ಹೇಳುವುದಿಲ್ಲ. ಮಳೆಗಾಲದಲ್ಲಿ ಘಾಟಿಗೆ ಹೊರಡುವವರು ಹಿಂದಿನ ರಾತ್ರಿಯೇ ಆಯಾ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ನೋಡಿ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಇದೆ. ಅಪ್ಪ ಅಮ್ಮನನ್ನು ಕರೆದುಕೊಂಡು ನಾನಂತೂ ಮಳೆ ಪೂರ್ತಿ ನಿಂತ ಮೇಲೆಯೇ ಹೊರಟೆ.

ತುಮಕೂರಿನಲ್ಲಿರುವ ಅಣ್ಣನಿಗೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿದ್ದೆ. ಒಮ್ಮೆಗೆ ಹೆಚ್ಚೆಂದರೆ ಎಂಟು ಗಂಟೆ ನಡೆಯುತ್ತದೆ, ಆಮೇಲೆ ಮತ್ತೆ ಹಾಕಬೇಕು. ಟವರ್ ಇಲ್ಲದಾಗ ಅದು ಕೊನೆಯ ಜಾಗದಲ್ಲೇ ನಿಂತುಬಿಡುತ್ತದೆ, ನೋಡುವವರಿಗೆ ಗಾಬರಿಯಾಗುತ್ತದೆ. ಅದಕ್ಕೆ ಮಾರನಹಳ್ಳಿಯಲ್ಲೇ ಕಾರು ನಿಲ್ಲಿಸಿ ಫೋನ್ ಮಾಡಿದೆ: “ಅಣ್ಣ, ಈಗ ಘಾಟಿ ಇಳೀತಿದೀವಿ. ಎರಡು ಗಂಟೆ ಆದ್ರೂ ಫೋನ್ ಬರ್ಲಿಲ್ಲ ಅಂದ್ರೆ 112ಕ್ಕೆ ಹೇಳು.” ಒಂದು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ಮಾತಾಡಿದೆವು. ಒಂದೇ ಕಾರಿನ ಎರಡು ಫೋನಿನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಯಲ್ಲಾಪುರದ ಕಾಡಿನಲ್ಲಿ ನನ್ನದು ಸತ್ತಿದ್ದಾಗ ಅಮ್ಮನದು ಬದುಕಿತ್ತು. ತುರ್ತು ಸಂಖ್ಯೆ 112ಕ್ಕೆ ಮಾಡುವ ಕರೆಯಂತೂ ನಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಅಲ್ಲಿರುವ ಬೇರೆ ಕಂಪನಿಯ ಟವರ್ ಮೂಲಕ ಹೋಗಬಲ್ಲದು.

ಟೋಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು ಜಾರಿಗೆ ಬಂತು. ಆಗ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಜ್‌ಮಾರ್ಗ್‌ಯಾತ್ರಾ ಆ್ಯಪ್‌ನಲ್ಲಿ ಮಾಡಿಸಿಕೊಂಡೆ. ಇದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲ್‌ನಲ್ಲಿ ಎಂದಿನಂತೆ ಖಾತೆಯ ಹಣವೇ ಕಡಿತವಾಗುವುದರಿಂದ ಪಾಸ್ ಇದೆಯೆಂದು ಬ್ಯಾಲೆನ್ಸ್ ಬರಿದು ಮಾಡಬೇಡಿ. ಟ್ಯಾಗ್ ಕೆಲಸ ಮಾಡದಿದ್ದರೆ ನಗದಿಗೆ ದುಪ್ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಎಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂದಿತ್ತು. ಹೆದ್ದಾರಿ ಸಹಾಯವಾಣಿ 1033. ಲೈಸೆನ್ಸ್, ಆರ್‌ಸಿ ಎರಡೂ ಡಿಜಿಲಾಕರ್‌ನಲ್ಲಿದ್ದರೆ ಕಾನೂನಿನ ಪ್ರಕಾರ ಮೂಲಕ್ಕೆ ಸಮ. ಆದರೆ ಅದನ್ನು ತೆರೆಯುವುದಕ್ಕೂ ಟವರ್ ಬೇಕು, ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ.

ಫೋನ್ ಹಿಡಿಯುವ ಸ್ಟ್ಯಾಂಡ್ ಗಾಜಿಗೆ ಅಂಟಿಸುವುದೋ, ಎಸಿ ಕಿಂಡಿಗೆ ಸಿಕ್ಕಿಸುವುದೋ ಎಂದು ತುಂಬ ಜನ ಕೇಳುತ್ತಾರೆ. ನನ್ನ ಮತ ಕಿಂಡಿಗೆ. ಮೊದಲು ಗಾಜಿಗೆ ಅಂಟಿಸುತ್ತಿದ್ದೆ. ಹೊರಗಿನ ಬಿಸಿಲು, ಸದಾ ಉರಿಯುವ ಪರದೆ, ಚಾರ್ಜಿಂಗ್ ಮೂರೂ ಸೇರಿ ಫೋನ್ ಕಾದು, ಪರದೆ ಮಂಕಾಗಿ, ಚಾರ್ಜ್ ಏರುವುದು ನಿಂತುಬಿಡುತ್ತಿತ್ತು. ಈಗ ತಣ್ಣನೆ ಗಾಳಿ ಹಿಂದಿನಿಂದಲೇ ಬಡಿಯುತ್ತದೆ. ಲೈಟರ್ ಸಾಕೆಟ್‌ಗೆ ಹಾಕುವ ಹಳೆಯ ಚಾರ್ಜರ್ 5 ವ್ಯಾಟ್‌ನದು, ನಕ್ಷೆ ಓಡುವಾಗ ಚಾರ್ಜ್ ಏರುವ ಬದಲು ಇಳಿಯುತ್ತಿತ್ತು. 30 ವ್ಯಾಟ್‌ನದು ತಂದ ಮೇಲೆ ಆ ಚಿಂತೆ ಹೋಯಿತು. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಎಂದು ಬರೆದಿದ್ದರೂ ಅದು ಒಳಗಿನ 3.7 ವೋಲ್ಟ್ ಬ್ಯಾಟರಿಯ ಲೆಕ್ಕ. 5 ವೋಲ್ಟ್‌ಗೆ ಏರಿಸುವಾಗಿನ ನಷ್ಟವೂ ಸೇರಿ ನಮ್ಮ ಕೈಗೆ ಆರು ಸಾವಿರದ ಆಸುಪಾಸು ಸಿಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಬೇಡಿ, ಬೆಂಕಿಯ ಅಪಾಯವಿದೆ.

ಹಣ ಸಾರ್ಥಕವಾಯಿತು ಅನಿಸಿದ್ದು ಟೈರಿನ ಒತ್ತಡ ತೋರಿಸುವ ಸೆನ್ಸರ್‌ಗಳಿಂದ. ಗಾಳಿ ತುಂಬುವ ತೂತಿನ ಮುಚ್ಚಳದ ಜಾಗದಲ್ಲಿ ನಾಲ್ಕು ಪುಟ್ಟ ಬಿರಡೆ, ಮುಂದೆ ಒಂದು ಪರದೆ. ಇದಕ್ಕೆ ಟವರೂ ಬೇಡ, ಫೋನೂ ಬೇಡ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲು ಘಾಟಿ ಹತ್ತುವಾಗ ಅದು ಕೂಗಿಕೊಂಡಿತು. ಹಿಂದಿನ ಎಡ ಟೈರು 33 ಪಿಎಸ್‌ಐ ಇದ್ದದ್ದು 25ಕ್ಕೆ ಇಳಿದಿತ್ತು. ಕಾರು ನಡೆಸುವ ಕೈಗೆ ಏನೂ ಗೊತ್ತಾಗಿರಲಿಲ್ಲ. ತಿರುವು ದಾಟಿ ಅಗಲ ಜಾಗ ನೋಡಿ ನಿಲ್ಲಿಸಿದೆ, ಕೆಂಪು ತ್ರಿಕೋನವನ್ನು ಸುಮಾರು ಐವತ್ತು ಹೆಜ್ಜೆ ಹಿಂದೆ ಇಟ್ಟು ಬಂದೆ. ಟೈರಿನಲ್ಲಿ ಮೊಳೆ. ಕೀಳಬೇಕು ಅನ್ನಿಸುತ್ತದೆ, ಕೀಳಬಾರದು. ಟ್ಯೂಬ್‌ಲೆಸ್ ಟೈರಿನಲ್ಲಿ ಆ ಮೊಳೆಯೇ ತೂತಿಗೆ ಬಿರಡೆ. ಎಂಜಿನ್ ಓಡಿಸುತ್ತಲೇ ಇಟ್ಟು, 12 ವೋಲ್ಟ್ ಸಾಕೆಟ್‌ಗೆ ಗಾಳಿ ಪಂಪ್ ಚುಚ್ಚಿದೆ. ನಾಲ್ಕೈದು ನಿಮಿಷದಲ್ಲಿ 35ಕ್ಕೆ ಬಂತು. ಯಲ್ಲಾಪುರ ಮುಟ್ಟುವವರೆಗೆ ಪರದೆ ನೋಡುತ್ತಾ ನಿಧಾನವಾಗಿ ಹೋದೆ, ನಡುವೆ ಇನ್ನೊಮ್ಮೆ ತುಂಬಿದೆ. ಅಲ್ಲಿ ಪಂಕ್ಚರ್ ಅಂಗಡಿಯವರು ಹತ್ತು ನಿಮಿಷದಲ್ಲಿ ಮುಗಿಸಿಕೊಟ್ಟರು. ಘಾಟಿಯ ಇಳಿಜಾರಿನಲ್ಲಿ ಜ್ಯಾಕ್ ಕೊಟ್ಟು ಸ್ಟೆಪ್ನಿ ಹಾಕುವುದು ತಪ್ಪಿತು. ಪಂಪ್ ಕೊಳ್ಳುವಾಗ ಅದರ ವೈರು ಹಿಂದಿನ ಟೈರಿಗೆ ಮುಟ್ಟುತ್ತದೆಯೇ ಎಂದು ಅಂಗಡಿಯಲ್ಲೇ ಅಳೆದು ನೋಡಿ. ಮನೆಯಲ್ಲಿ ಒತ್ತಡ ನೋಡುವುದಾದರೆ ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ.

ರಸ್ತೆಯ ವಿಡಿಯೊ ತೆಗೆಯುವ ಡ್ಯಾಶ್‌ಕ್ಯಾಮ್ ಬಗ್ಗೆ ಒಂದೇ ಮಾತು: ನಮ್ಮ ಬಿಸಿಲಿಗೆ ಬ್ಯಾಟರಿ ಇರುವುದು ಬೇಡ, ಬಿಸಿಯನ್ನು ಹೆಚ್ಚು ತಾಳುವ ಸೂಪರ್ ಕೆಪಾಸಿಟರ್ ಇರುವುದು ಕೊಳ್ಳಿ.

ಇನ್ನು ಇನ್ಸುಲಿನ್. ಇದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಹೊರಗೇ ಇಡಬಹುದು, ಸಾಮಾನ್ಯವಾಗಿ ನಾಲ್ಕು ವಾರ, ಆದರೆ ಬಿಸಿಯಾಗಬಾರದು. ಹೆಪ್ಪುಗಟ್ಟಿದರೂ ಕೆಟ್ಟಿತು, ಎಸೆಯಬೇಕು. ಕಾರಿನಲ್ಲಿಡುವ ಪುಟ್ಟ ಫ್ರಿಜ್ ಒಂದನ್ನು ಮೊದಲು ತಂದೆ. ಆ ಬಗೆಯವು ಹೊರಗಿನ ಬಿಸಿಗಿಂತ ಹದಿನೈದಿಪ್ಪತ್ತು ಡಿಗ್ರಿ ಕಡಿಮೆ ಮಾಡಬಲ್ಲವು, ಅಷ್ಟೇ. ಊಟಕ್ಕೆಂದು ಕಾರು ಬಿಸಿಲಲ್ಲಿ ನಿಲ್ಲಿಸಿ ಕೀಲಿ ತೆಗೆದರೆ ನನ್ನ ಕಾರಿನಲ್ಲಿ ಸಾಕೆಟ್ಟೂ ನಿಂತುಹೋಗುತ್ತದೆ. ಅದನ್ನು ವಾಪಸ್ ಕೊಟ್ಟೆ.

ಆಮೇಲೆ ತಂದದ್ದು ನೀರಲ್ಲಿ ನೆನೆಸುವ ಚೀಲ. ಒಳಗಿನ ಹರಳು ನೀರು ಕುಡಿದು ಲೋಳೆಯಂತಾಗುತ್ತದೆ, ಆ ನೀರು ಆರುತ್ತಾ ಚೀಲ ತಂಪಾಗುತ್ತದೆ. ಮಣ್ಣಿನ ಹೂಜಿಯ ಲೆಕ್ಕವೇ. ಗಾಳಿಯಾಡಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಪ್ರಯೋಜನವಿಲ್ಲ. ಚೀಲದೊಳಗೆ ಮುನ್ನೂರು ರೂಪಾಯಿಯ ಒಂದು ಡಿಜಿಟಲ್ ಥರ್ಮಾಮೀಟರ್ ಹಾಕಿದ್ದೆ. ಹಾಸನದಲ್ಲಿ ಅದು 23 ತೋರಿಸಿತು. ಉಡುಪಿಯಲ್ಲಿ ಮಧ್ಯಾಹ್ನಕ್ಕೆ 29. ಕರಾವಳಿಯ ಗಾಳಿಯಲ್ಲೇ ನೀರಿನ ಪಸೆ ತುಂಬಿರುವುದರಿಂದ ಚೀಲದ ನೀರು ಆರುವುದೇ ಇಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿಂದ ಮುಂದೆ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿಗೆ ಬಂದೆ. ಕೆಳಗೆ ಐಸ್ ಪ್ಯಾಕ್, ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಪೆನ್ನು. ಐಸ್ ನೇರವಾಗಿ ತಾಗಬಾರದು. ಕಾರು ಬಿಟ್ಟು ಇಳಿದರೆ ಫ್ಲಾಸ್ಕೂ ನಮ್ಮ ಜೊತೆ ಇಳಿಯುತ್ತಿತ್ತು. ಅದನ್ನು ಹೊರುವ ಕೆಲಸ ಮಗಳು ತಾನಾಗೇ ವಹಿಸಿಕೊಂಡಳು. ಮುರುಡೇಶ್ವರದಲ್ಲಿ ಮರಳಿನ ಮೇಲೆ ಓಡುವಾಗಲೂ ಹೆಗಲಿಗೆ ನೇತುಹಾಕಿಕೊಂಡೇ ಇದ್ದಳು.

ಕೊನೆಯ ರಾತ್ರಿ ಹುಬ್ಬಳ್ಳಿ. ಏಳೂವರೆಗೆ ಲಾಡ್ಜ್ ಸೇರಿದೆವು. ಅಪ್ಪ ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡಿಕೊಂಡರು, 138. ಕೆಳಗಿನ ಖಾನಾವಳಿಯಲ್ಲಿ ಜಾಗ ಇದೆಯೇ, ಊಟ ತಯಾರಿದೆಯೇ ಎಂದು ನಾನು ಹೋಗಿ ಕೇಳಿ ಬಂದ ಮೇಲೆಯೇ ಇನ್ಸುಲಿನ್ ತೆಗೆದುಕೊಂಡರು. ಇಪ್ಪತ್ತು ನಿಮಿಷಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಎಲೆಗೆ ಬಂತು. ಬಡಿಸುವವರು ಮುಂದಿನ ಮೇಜಿಗೆ ಹೊರಟಾಗ ಅಪ್ಪ ಕರೆದು ಇನ್ನೊಂದು ರೊಟ್ಟಿ ಕೇಳಿದರು.