ಅಣು ಎಷ್ಟು ವಾಲಿದೆ? ನಾನು ಅಳೆಯುವ ಕ್ರಮ

ಸಿಲಿಕಾನ್ ಬಿಲ್ಲೆಯ ಮೇಲೆ 18 ಇಂಗಾಲಗಳ ಸರಪಳಿ ಇರುವ ಸಿಲೇನ್ (ತುದಿಯಲ್ಲಿ ಸಿಲಿಕಾನ್ ಇರುವ) ಅಣುಗಳನ್ನು ಒಂದೇ ಪದರವಾಗಿ ಕೂರಿಸುತ್ತೇನೆ. ಅವು ಎಷ್ಟು ಡಿಗ್ರಿ ವಾಲಿವೆ ಅಂತ ಕಂಡುಹಿಡಿಯಬೇಕು.

ಮೊದಲು ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕನ್ನು ಪದರ ಎಲ್ಲಿ ಹೀರುತ್ತದೆ ಅಂತ ನೋಡುವುದು. ಸರಪಳಿಯೇ ಸೊಟ್ಟಪಟ್ಟ ಇದ್ದರೆ ಯಾವುದರ ವಾಲಿಕೆ ಅಳೆಯುವುದು, ಅಲ್ವಾ? ಸರಪಳಿಯ ಸಿಎಚ್2 ಕೊಂಡಿಗಳ ಪೀಕ್ ಪ್ರತಿ ಸೆಂಟಿಮೀಟರಿಗೆ 2918 ಅಲೆಗಳ ಆಸುಪಾಸು ಬಂದರೆ ಸರಪಳಿಗಳು ಸೊಟ್ಟವಿಲ್ಲದೆ ನೇರವಾಗಿವೆ. 2924 ದಾಟಿದರೆ ಆ ಸ್ಯಾಂಪಲ್ ಮುಂದಕ್ಕೆ ಹೋಗುವುದಿಲ್ಲ.

ಆಮೇಲೆ ಎಲಿಪ್ಸೋಮೀಟರ್, ಅಂದರೆ ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಎಷ್ಟು ಬದಲಾಯಿತು ಅಂತ ನೋಡುವ ಉಪಕರಣ. ಇಷ್ಟು ತೆಳು ಪದರದಲ್ಲಿ ದಪ್ಪ, ವಕ್ರೀಭವನ ಸೂಚ್ಯಂಕ ಎರಡನ್ನೂ ಬೇರೆಬೇರೆಯಾಗಿ ತೆಗೆಯಲು ಆಗುವುದಿಲ್ಲ. ಸೂಚ್ಯಂಕ 1.45 ಅಂತ ಹಿಡಿದು ದಪ್ಪ ಮಾತ್ರ ತೆಗೆಯುತ್ತೇನೆ. ಕೆಳಗಿನ ಆಕ್ಸೈಡ್ ಪದರವನ್ನು ಅದೇ ಬಿಲ್ಲೆಯ ಮೇಲೆ ಮೊದಲೇ ಅಳೆದಿಟ್ಟುಕೊಳ್ಳಬೇಕು.

ದಪ್ಪದ ಬಗ್ಗೆ ನನಗೆ ಹೆಚ್ಚು ನಂಬಿಕೆ ಎಕ್ಸ್-ರೇ ಪ್ರತಿಫಲನದ ಮೇಲೆ. ಪದರ 26 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಇದ್ದರೆ ಪ್ರತಿಫಲನದ ನಕ್ಷೆಯ ಗೆರೆ, ಅಡ್ಡ ಅಕ್ಷದಲ್ಲಿ ಪ್ರತಿ ಆಂಗ್‌ಸ್ಟ್ರಾಮ್‌ಗೆ 0.12ರ ಹತ್ತಿರ, ಗುಂಡಿ ಬೀಳುತ್ತದೆ. ದಪ್ಪವನ್ನು ಅಣುವಿನ ಪೂರ್ತಿ ಉದ್ದದಿಂದ ಭಾಗಿಸಿದರೆ ವಾಲಿಕೆಯ ಕೊಸೈನ್ ಸಿಗುತ್ತದೆ. ತೊಂದರೆ ಇರುವುದು ಇಲ್ಲೇ. ನೆಟ್ಟಗೆ ನಿಂತ ಅಣು 10 ಡಿಗ್ರಿ ವಾಲಿದರೂ ದಪ್ಪ ಕಡಿಮೆಯಾಗುವುದು ಬರೀ 0.4 ಆಂಗ್‌ಸ್ಟ್ರಾಮ್. ಅಳತೆಯ ತಪ್ಪೇ ಅಷ್ಟಿರುತ್ತದೆ. ಹಾಗಾಗಿ 0 ಮತ್ತು 10 ಡಿಗ್ರಿಯ ವ್ಯತ್ಯಾಸವನ್ನು ದಪ್ಪದಿಂದ ಹೇಳುವವರನ್ನು ನಾನು ಒಪ್ಪುವುದಿಲ್ಲ. 30 ಡಿಗ್ರಿಯ ಹತ್ತಿರವಾದರೆ ಸರಿ, ಅಲ್ಲಿ ಎರಡು ಡಿಗ್ರಿ ಬದಲಾದರೇ ದಪ್ಪ 0.4 ಆಂಗ್‌ಸ್ಟ್ರಾಮ್‌ಗಿಂತ ಸ್ವಲ್ಪ ಹೆಚ್ಚು ಬದಲಾಗುತ್ತದೆ.

ಅದಕ್ಕೇ ಸಿಂಕ್ರೋಟ್ರಾನ್‌ನಲ್ಲಿ (ತೀವ್ರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ನೆಕ್ಸಾಫ್ಸ್, ಅಂದರೆ ಅಣುವಿನ ಬಂಧಗಳು ಎಕ್ಸ್-ರೇ ಹೀರುವುದನ್ನು ಅಳೆಯುವ ಪ್ರಯೋಗ ಮಾಡುತ್ತೇನೆ. ಧ್ರುವೀಕೃತ ಎಕ್ಸ್-ರೇ ಬಿಟ್ಟು, ಬಿಲ್ಲೆಯನ್ನು 20 ಡಿಗ್ರಿಯಿಂದ 90 ಡಿಗ್ರಿವರೆಗೆ ತಿರುಗಿಸುತ್ತಾ, ಇಂಗಾಲ-ಇಂಗಾಲ ಬಂಧದ 293 ಎಲೆಕ್ಟ್ರಾನ್‌ವೋಲ್ಟ್‌ನ ಪೀಕ್ ಏರಿಳಿಯುವುದನ್ನು ನೋಡುತ್ತೇನೆ; ಆ ಏರಿಳಿತದಿಂದ ವಾಲಿಕೆ ಸಿಗುತ್ತದೆ. ಒಂದೇ ಜಾಗದಲ್ಲಿ ಕಿರಣ ಜಾಸ್ತಿ ಹೊತ್ತು ಬಿಟ್ಟರೆ ಸರಪಳಿಗೆ ಪೆಟ್ಟು ಬಿದ್ದು, 285ರ ಹತ್ತಿರ ಮೊದಲು ಇರದ ಸಣ್ಣ ಪೀಕ್ ಮೇಲೇಳುತ್ತದೆ. ಅದು ಜೋಡಿ ಬಂಧದ ಗುರುತು. ಪ್ರತಿ ಕೋನಕ್ಕೂ ಹೊಸ ಜಾಗಕ್ಕೆ ಸರಿಯುವುದು ನನ್ನ ಕಡ್ಡಾಯ ನಿಯಮ.

ನೆಕ್ಸಾಫ್ಸ್ ಕೊಡುವುದೂ ಸರಾಸರಿಯೇ, ಅದೂ ಕೊಸೈನ್ ವರ್ಗದ ಸರಾಸರಿ. ಅರ್ಧ ಅಣುಗಳು ನೆಟ್ಟಗಿದ್ದು ಉಳಿದರ್ಧ 45 ಡಿಗ್ರಿ ವಾಲಿದ್ದರೂ ಉತ್ತರ 30 ಡಿಗ್ರಿ ಅಂತಲೇ ಬರುತ್ತದೆ. ಎಲ್ಲವೂ 30ಕ್ಕೆ ವಾಲಿದ್ದರೂ ಅದೇ ಉತ್ತರ! ಆಗ ಮತ್ತೆ ಪ್ರತಿಫಲನದ ಗೆರೆ ನೋಡುತ್ತೇನೆ. ಎತ್ತರ ತಗ್ಗು ಕಲಸಿದ್ದರೆ ಆ ಗುಂಡಿ ಮಸುಕಾಗಿರುತ್ತದೆ. ಇನ್ನು ಉತ್ತರ 55ರ ಹತ್ತಿರ ಬಂದರೆ ಇನ್ನಷ್ಟು ಎಚ್ಚರ ಬೇಕು. ಅಣುಗಳು ಯದ್ವಾತದ್ವಾ ಬಿದ್ದಿದ್ದರೂ ಬರುವುದು 54.7 ಡಿಗ್ರಿಯೇ. ಅದನ್ನು ವಾಲಿಕೆ ಅಂತ ಬರೆಯುವ ಮೊದಲು ಇನ್‌ಫ್ರಾರೆಡ್ ಪೀಕ್ ಇನ್ನೊಮ್ಮೆ ತೆಗೆದು ನೋಡುತ್ತೇನೆ.