ಬಲೆ ತೆಗೆದೆ, ಬುಟ್ಟಿ ಹಿಡಿದೆ

ಬೇಸಿಗೆ ಶುರುವಾಗಿ ಎರಡು ವಾರ ಕಳೆದಿತ್ತು. ಬೆಳಿಗ್ಗೆ ಆರು ಗಂಟೆಗೆ ಹಿತ್ತಲ ಬಾಗಿಲು ತೆಗೆದೆ. ಟೊಮೆಟೊ ಪಾತಿಯ ಮೇಲೆ ಹೊದಿಸಿದ್ದ ಬಲೆಯಲ್ಲಿ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು. ಹತ್ತಿರ ಹೋದರೆ ಒಂದು ಪಿಕಳಾರ. ಒಂದು ಕಾಲು, ಎಡ ರೆಕ್ಕೆ ಎರಡೂ ನೈಲಾನ್ ದಾರಕ್ಕೆ ಸಿಕ್ಕಿಕೊಂಡಿದ್ದವು. ಅದು ಒದ್ದಾಡಿದಷ್ಟೂ ದಾರ ಬಿಗಿಯುತ್ತಿತ್ತು.

ಮಗಳನ್ನು ಕೂಗಿದೆ. ಕತ್ತರಿ, ಒಂದು ಹಳೇ ಟವೆಲ್ ಹಿಡಿದು ಓಡಿ ಬಂದಳು. "ಅಮ್ಮಾ, ತಲೆ ಮೇಲೆ ಬಟ್ಟೆ ಮುಚ್ಚು. ಕತ್ತಲಾದ್ರೆ ಸುಮ್ನಾಗುತ್ತೆ" ಅಂದಳು. ನಿಜ, ತಲೆ ಮುಚ್ಚಿದ ತಕ್ಷಣ ಹಕ್ಕಿಯ ಒದ್ದಾಟ ನಿಂತಿತು. ಅದರ ಎದೆ ನನ್ನ ಅಂಗೈಯೊಳಗೆ ಢವಢವ ಅನ್ನುತ್ತಿತ್ತು. ಅವಳು ಒಂದೊಂದೇ ಎಳೆ ಕತ್ತರಿಸಿದಳು, ಒಟ್ಟು ಏಳು. ಕಾಲಿನ ಚರ್ಮ ತರಚಿತ್ತು, ಮೂಳೆ ಮುರಿದಿರಲಿಲ್ಲ. ಬಟ್ಟೆ ತೆಗೆದ ಮೇಲೆ ಒಂದು ಗಳಿಗೆ ನನ್ನ ಕೈಮೇಲೇ ಕೂತಿತ್ತು. ಆಮೇಲೆ ಭರ್ರನೆ ಹಾರಿ ಬೀನ್ಸ್ ಚಪ್ಪರದೊಳಗೆ ಹೋಯಿತು.

ಆ ಬಲೆ ಹಾಕಿದ್ದು ನಾನೇ. ಹಿಂದಿನ ಬೇಸಿಗೆಯಲ್ಲಿ ಅರ್ಧಕ್ಕರ್ಧ ಟೊಮೆಟೊ ಹಕ್ಕಿ ಕುಕ್ಕಿ ಹೋಗಿದ್ದವು. ಆ ಸಿಟ್ಟಿಗೆ ಅಗಲ ಕಣ್ಣಿನ ಬಲೆ ತಂದು, ಸಡಿಲವಾಗಿ ಗಿಡದ ಮೇಲೆ ಎಸೆದಿದ್ದೆ. ಎರಡೂ ತಪ್ಪು. ಬೆರಳು ತೂರುವಷ್ಟು ದೊಡ್ಡ ಕಣ್ಣಿದ್ದರೆ ಹಕ್ಕಿಯ ಕಾಲೂ ತೂರುತ್ತದೆ, ಹಾವಿನ ತಲೆಯೂ ತೂರುತ್ತದೆ. ಹಾವಿಗೆ ಹುರುಪೆ ಹಿಂದಕ್ಕೆ ಬಾಗಿರುತ್ತದೆ. ಅರ್ಧ ನುಗ್ಗಿದ ಮೇಲೆ ಹಿಂದೆ ಬರಲು ಆಗುವುದೇ ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಇದಕ್ಕೆ ಕಾನೂನೇ ಇದೆ. ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ, 5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಇದನ್ನು ನಾನು ಓದಿದ್ದು ಆ ಹಕ್ಕಿ ಹಾರಿಹೋದ ಮೇಲೆ.

ಬಲೆ ಸುತ್ತಿ ಒಳಗಿಟ್ಟೆ. ಇನ್ನು ಟೊಮೆಟೊ ಗತಿ ಏನು ಅಂತ ಕೂತಿದ್ದಾಗ ಅತ್ತೆ ಹೇಳಿದರು: "ಹಣ್ಣಾಗೋ ತನಕ ಯಾಕೆ ಕಾಯ್ತೀಯಮ್ಮ? ದೋರುಗಾಯಿ ಇದ್ದಾಗ್ಲೇ ಬೆಳಗಾಗೆದ್ದು ಕಿತ್ಕೊಂಡ್ರೆ ಆಯ್ತಲ್ವಾ?"

ನನಗೆ ನಂಬಿಕೆ ಬರಲಿಲ್ಲ. ಗಿಡದಲ್ಲೇ ಕೆಂಪಾದರೆ ಮಾತ್ರ ರುಚಿ ಅಂದುಕೊಂಡಿದ್ದೆ. ಮಾಡಿ ನೋಡಿದ ಮೇಲೆ ಗೊತ್ತಾಯಿತು. ಟೊಮೆಟೊದ ತಳದಲ್ಲಿ ಮೊದಲ ಸಲ ನಸುಗೆಂಪು ಕಂಡಿತು ಅಂದರೆ ಹಣ್ಣಾಗುವ ಕೆಲಸ ಶುರುವಾಯಿತು ಅಂತ ಅರ್ಥ. ಕಾಯಿ ತನ್ನೊಳಗೇ ಎಥಿಲೀನ್ ಅನಿಲ ಹುಟ್ಟಿಸಿಕೊಂಡು ಮಿಕ್ಕಿದ್ದನ್ನು ತಾನೇ ಮುಗಿಸುತ್ತದೆ. ಬಿಸಿಲು ಬೇಡ, ಫ್ರಿಜ್ಜಂತೂ ಬೇಡವೇ ಬೇಡ. ಅಗಲವಾದ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟರೆ ನಾಲ್ಕೈದು ದಿನದಲ್ಲಿ ಹಣ್ಣು. ಬಣ್ಣವೂ ಚೆನ್ನಾಗಿ ಬರುತ್ತದೆ. ಸೆಕೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ. ಗಿಡದಲ್ಲೇ ಬಿಟ್ಟ ಹಣ್ಣಿನ ಹೆಗಲ ಹತ್ತಿರ ಹಳದಿ ಪಟ್ಟೆ ಉಳಿದುಬಿಡುತ್ತಿದ್ದದ್ದು ಅದಕ್ಕೇ. ಒಳಗೆ ತಂಪಿನಲ್ಲಿ ಮಾಗಿದ್ದು ಇಡೀ ಕೆಂಪು. ಹಕ್ಕಿಗಳು ದೋರುಗಾಯಿಗೆ ಬಾಯಿ ಹಾಕುವುದು ಕಡಿಮೆ. ಹೀಗಾಗಿ ಅವಕ್ಕಿಂತ ಒಂದು ದಿನ ಮುಂದೆ ಇದ್ದರೆ ಸಾಕು.

ಇನ್ನೊಂದು ಕೆಲಸವನ್ನೂ ಮಾಡಿದೆ. ಮಣ್ಣಿನ ಅಗಲ ತಟ್ಟೆಯಲ್ಲಿ ಎರಡು ಬೆರಳು ಆಳಕ್ಕೆ ನೀರು ತುಂಬಿ, ಜೇನುನೊಣ ಕೂರಲು ನಡುವೆ ಒಂದು ಕಲ್ಲಿಟ್ಟು, ಗಿಡದಿಂದ ದೂರ ನೆರಳಲ್ಲಿ ಇಟ್ಟೆ. ಬಿಸಿಲಲ್ಲಿ ಹಕ್ಕಿಗಳು ಟೊಮೆಟೊ ಕುಕ್ಕುವುದು ಎಷ್ಟೋ ಸಲ ಬಾಯಾರಿಕೆಗೇ. ನಮ್ಮಲ್ಲಿ ಕುಕ್ಕಿದ ಹಣ್ಣು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ನೀರನ್ನು ಮಾತ್ರ ದಿನಾ ಚೆಲ್ಲಿ ಬದಲಿಸಬೇಕು. ಒಂದು ವಾರ ಮರೆತರೆ ಸೊಳ್ಳೆ ಸಾಕಿದ ಹಾಗೆ.

ಅಲ್ಲಿಂದ ಶುರುವಾಯಿತು ನನ್ನ ಬುಟ್ಟಿ ಹಿಡಿದ ಬೆಳಗು. ಬಿಸಿಲೇರುವ ಮೊದಲು ಕಿತ್ತ ತರಕಾರಿಯಲ್ಲಿ ನೀರಿನಂಶ ಜಾಸ್ತಿ. ಬೇಗ ಬಾಡುವುದಿಲ್ಲ. ಬೆಂಡೆಗೆ ದಿನ ಬಿಟ್ಟು ದಿನ ಹೋಗಲೇಬೇಕು. ಹೂ ಬಿಟ್ಟ ನಾಲ್ಕೈದು ದಿನಕ್ಕೆ ಕಾಯಿ ಎಳೆಯದಾಗಿ ಸಿಗುತ್ತದೆ. ಒಂದು ಸಲ ಮೂರು ದಿನ ಊರಿಗೆ ಹೋಗಿ ಬಂದೆವು, ಬೆಂಡೆಯೆಲ್ಲ ಕಟ್ಟಿಗೆಯಾಗಿತ್ತು. ತುದಿ ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಬಲಿತಿದೆ ಅಂತ ತಿಳಿಯಿರಿ. ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಬೆಂಡೆ ಗಿಡದ ನವಿರು ಮುಳ್ಳಿಗೆ ಕೈಯೆಲ್ಲ ಕೆರೆತ.

ಸೌತೆಯನ್ನು ಎಲೆ ಎತ್ತಿ ಎತ್ತಿ ಹುಡುಕಬೇಕು. ಒಂದು ಕಾಯಿ ಕಣ್ತಪ್ಪಿ ಹಳದಿಯಾಗಿ ಬಲಿತರೂ ಸಾಕು, ಬಳ್ಳಿ ತನ್ನ ಶಕ್ತಿಯನ್ನೆಲ್ಲ ಅದರ ಬೀಜಕ್ಕೆ ಕೊಟ್ಟು ಹೊಸ ಹೀಚು ಬಿಡುವುದನ್ನು ಕಡಿಮೆ ಮಾಡುತ್ತದೆ. ನೀರನ್ನು ಒಂದು ದಿನ ಬತ್ತಿಸಿ ಮಾರನೇ ದಿನ ಸುರಿದರೆ ಕಾಯಿ ಕಹಿಯಾಗುತ್ತದೆ. ಬುಡಕ್ಕೆ ಒಣಎಲೆ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದ ಮೇಲೆ ನಮಗೆ ಆ ಕಾಟ ತಪ್ಪಿತು. ಆ ಎಲೆಯ ಅಡಿಗೇ ಒಂದು ನೆಲಗಪ್ಪೆ ಬಂದು ಸೇರಿತು. ಒಡೆದ ಕುಂಡವೊಂದನ್ನು ಬೋರಲು ಹಾಕಿ ಅದಕ್ಕೆ ಮನೆ ಮಾಡಿಕೊಟ್ಟೆವು. ಹಗಲೆಲ್ಲ ಒಳಗೆ, ಕತ್ತಲಾದ ಮೇಲೆ ಹುಳ ಹುಡುಕಲು ಹೊರಗೆ.

ಕುಂಬಳದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ "ಹೂ ಬಿಡುತ್ತೆ, ಕಾಯಿ ನಿಲ್ಲಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಬರುವುದು ಬರೀ ಗಂಡು ಹೂ, ಅವು ಉದುರಲೇಬೇಕು. ಹೆಣ್ಣು ಹೂವಿನ ತೊಟ್ಟಿನಲ್ಲಿ ಗೋಲಿಯಷ್ಟು ಕಾಯಿ ಮೊದಲೇ ಕೂತಿರುತ್ತದೆ. ಅದು ಅರಳುವುದು ಒಂದೇ ಬೆಳಿಗ್ಗೆ, ಬಿಸಿಲೇರಿದರೆ ಮುದುಡಿತು. ಅಷ್ಟರೊಳಗೆ ಜೇನು ಬರದಿದ್ದರೆ ಆ ಹೀಚು ಹಳದಿ ತಿರುಗಿ ಕೊಳೆಯುತ್ತದೆ. ನಾನು ಏಳು ಗಂಟೆಯೊಳಗೆ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆತ್ತಗೆ ಸವರುತ್ತೇನೆ. ಪರಾಗ ಅರಿಶಿನದ ಪುಡಿಯ ಹಾಗೆ ಅಂಟುತ್ತದೆ. ನಾಲ್ಕು ದಿನದಲ್ಲಿ ಕಾಯಿ ಉಬ್ಬಿದರೆ ನಿಂತಿತು ಅಂತ ಲೆಕ್ಕ.

ಟೊಮೆಟೊ ಹೂವಿಗೆ ಬೇರೆ ಉಪಾಯ. ಅದರ ಪರಾಗ ಕೊಳವೆಯೊಳಗೆ ಇರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ಮಾಮೂಲಿ ಜೇನಿಗೆ ಅದು ಬರುವುದಿಲ್ಲ. ದೊಡ್ಡ ಕಪ್ಪು ದುಂಬಿ ಹೂವನ್ನು ತಬ್ಬಿ ಹಿಡಿದು ಗುಯ್ ಅಂತ ಮೈ ನಡುಗಿಸುತ್ತದೆ, ಪರಾಗ ಹೊಟ್ಟೆ ಮೇಲೆ ಸುರಿಯುತ್ತದೆ. ದುಂಬಿ ಬರದ ದಿನ ನಾನು ಗೊಂಚಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟುತ್ತೇನೆ. ಹಗಲು 35 ಡಿಗ್ರಿ ಹತ್ತಿರ ಹೋಗಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಏನು ಮಾಡಿದರೂ ಹೂ ಉದುರುತ್ತದೆ.

ನನ್ನನ್ನು ಈಗಲೂ ಕೊರೆಯುವ ತಪ್ಪು ಗುಲಗಂಜಿ ಹುಳದ್ದು. ಬೀನ್ಸ್ ಕುಡಿಗೆ ಕಪ್ಪು ಹೇನು ಮುತ್ತಿತ್ತು. ಅವುಗಳ ನಡುವೆ ಕಪ್ಪಗೆ, ಉದ್ದಕ್ಕೆ, ಮೈಮೇಲೆ ಮುಳ್ಳು, ಕಿತ್ತಳೆ ಚುಕ್ಕೆ ಇರುವ ಹುಳಗಳು ಓಡಾಡುತ್ತಿದ್ದವು. ಪುಟ್ಟ ಮೊಸಳೆಯ ಹಾಗೆ. ಇವೇ ಗಿಡ ತಿನ್ನುತ್ತಿವೆ ಅಂದುಕೊಂಡು ಇಪ್ಪತ್ತನ್ನಾದರೂ ಸೋಪಿನ ನೀರಿಗೆ ಹಾಕಿದೆ. ವಾರದೊಳಗೆ ಹೇನು ಎರಡರಷ್ಟಾಯಿತು. ಉಳಿದಿದ್ದ ಒಂದನ್ನು ಮಗಳು ಹೇನಿರುವ ಕುಡಿಯ ಸಮೇತ ಗಾಜಿನ ಬಾಟಲಿಯಲ್ಲಿಟ್ಟಳು. ಅದು ಹೇನನ್ನು ಒಂದೊಂದಾಗಿ ಹಿಡಿದು ತಿಂದಿತು. ಆಮೇಲೆ ಎಲೆಗೆ ಬಾಲ ಅಂಟಿಸಿಕೊಂಡು ಸುಮ್ಮನೆ ಕೂತಿತು. ಆರನೇ ದಿನ ಚಿಪ್ಪು ಸೀಳಿ ಹೊರಗೆ ಬಂದದ್ದು ಮಾಸಲು ಹಳದಿ ಬಣ್ಣದ, ಚುಕ್ಕೆಯೇ ಇಲ್ಲದ ಗುಲಗಂಜಿ ಹುಳ. ಸಂಜೆ ಹೊತ್ತಿಗೆ ಮೈ ಕೆಂಪಾಗಿ ಕಪ್ಪು ಚುಕ್ಕೆ ಮೂಡಿತ್ತು. ನಾನು ಕೊಂದದ್ದು ಅದರ ಮರಿಗಳನ್ನೇ.

ಒಂದು ಎಚ್ಚರ. ಬದನೆ ಎಲೆಯ ಮೇಲೆ ಹಳದಿ ಮೈಯ ಮುಳ್ಳುಮರಿ ಕಂಡರೆ ಅದು ಬೇರೆ. 28 ಚುಕ್ಕೆಯ ಆ ಜಾತಿ ಎಲೆ ಕೆರೆದು ಜಾಲರಿ ಮಾಡುತ್ತದೆ, ಅದನ್ನು ಕೈಯಲ್ಲೇ ಆರಿಸಿ ತೆಗೆಯಬೇಕು. ಇನ್ನು ಕಾಂಡದಲ್ಲಿ ಇರುವೆ ಸಾಲು ಹತ್ತುತ್ತಿದ್ದರೆ ಮೇಲೆ ಹೇನಿದೆಯೇ ನೋಡಿ. ಹೇನು ಬಿಡುವ ಸಿಹಿ ದ್ರವಕ್ಕಾಗಿ ಇರುವೆ ಅವನ್ನು ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ.

ಏಳು ಎಳೆ ಕತ್ತರಿಸಿ ಬಿಟ್ಟೆವಲ್ಲ, ಅದೇ ಹಕ್ಕಿಯೋ ಬೇರೆಯದೋ ಹೇಳಲಾರೆ. ಬೀನ್ಸ್ ಚಪ್ಪರದ ಬಲ ಮೂಲೆಯಲ್ಲಿ ಒಂದು ಜೋಡಿ ಪಿಕಳಾರ ಗೂಡು ಕಟ್ಟಿತು. ಒಣ ಬೇರು, ನಾರು, ಒಂದಿಷ್ಟು ಜೇಡರ ಬಲೆ, ಹಿಡಿಯಷ್ಟು ಬಟ್ಟಲು. ಒಳಗೆ ಮೂರು ಮೊಟ್ಟೆ, ತಿಳಿಗುಲಾಬಿ ಮೇಲೆ ಕೆಂಪು ಚಿಮುಕಿಸಿದ ಹಾಗೆ. ಆ ಮೂಲೆಯಲ್ಲಿ ಬೀನ್ಸ್ ಕೀಳುವುದನ್ನು ಬಿಟ್ಟೆವು. ಸುಮಾರು ಎರಡು ವಾರಕ್ಕೆ ಮರಿ ಒಡೆದವು. ಅಲ್ಲಿಂದ ಮುಂದೆ ತಾಯಿತಂದೆ ಇಬ್ಬರೂ ನನ್ನ ಟೊಮೆಟೊ ಪಾತಿಗೇ ಬರುತ್ತಿದ್ದವು, ಹಣ್ಣಿಗಲ್ಲ. ಕೊಕ್ಕಿನಲ್ಲಿ ಹಸಿರು ಕಂಬಳಿಹುಳ ಅಡ್ಡಡ್ಡ ಹಿಡಿದು ಗೂಡಿಗೆ ಹೋಗುವುದನ್ನು ಅತ್ತೆ ಮೆಟ್ಟಿಲ ಮೇಲೆ ಕೂತು ಎಣಿಸಿದರು. ಒಂದು ಗಂಟೆಯಲ್ಲಿ ಹನ್ನೊಂದು ಸಲ. ಆ ಬೇಸಿಗೆ ಟೊಮೆಟೊಗೆ ನಾನು ಏನನ್ನೂ ಸಿಂಪಡಿಸಲಿಲ್ಲ.

ಹನ್ನೆರಡು, ಹದಿಮೂರು ದಿನಕ್ಕೆ ಮರಿಗಳು ಹಾರಿದವು. ಗೂಡು ಖಾಲಿಯಾದ ಮೇಲೂ ಒಂದು ವಾರ ಬಿಟ್ಟು ಆ ಮೂಲೆಗೆ ಹೋದೆ. ಕೀಳದೆ ಉಳಿದ ಬೀನ್ಸ್ ಒಣಗಿ ಕಾಗದದ ಹಾಗೆ ಗರಿಗರಿಯಾಗಿತ್ತು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ. ಮಗಳೂ ನಾನೂ ಕೂತು ಬಿಡಿಸಿದೆವು. ಮುರುಟಿದ್ದು, ತೂತು ಬಿದ್ದದ್ದು ಆರಿಸಿ ತೆಗೆದ ಮೇಲೆ 140 ಬೀಜ ಸಿಕ್ಕಿತು. ನೆರಳಲ್ಲಿ ಇನ್ನೊಂದು ವಾರ ಒಣಗಿಸಿ ಬಾಟಲಿಗೆ ತುಂಬಿ, ಮುಂದಿನ ಬಿತ್ತನೆಗೆ ಎತ್ತಿಟ್ಟಿದ್ದೇವೆ.